ನೋವಿಗೆ ಎಷ್ಟು ಪರ್ಸೆಂಟ್?

ಸಾಂಡರ್ಸ್ ಎಂಬ ಮಹಿಳೆ 1987ರಿಂದ 1994ರವರೆಗೆ ಅಮೆರಿಕದ ಭೂಸೇನೆಯಲ್ಲಿದ್ದರು. 2011ರಲ್ಲಿ ಅವರ ಮೊಣಕಾಲುಗಳನ್ನು ಸರ್ಕಾರದ ಪರವಾಗಿ ಪರೀಕ್ಷಿಸಿದವರ ವರದಿ ವಿಚಿತ್ರವಾಗಿತ್ತು. ಮೂಳೆಯಲ್ಲಿ ದೋಷವಿಲ್ಲ. ಕೀಲು ಪೂರ್ತಿ ಬಾಗುತ್ತದೆ. ಬಲ ಕುಗ್ಗಿಲ್ಲ. ಆದರೂ ಆಕೆ ಕೆಲವೇ ನಿಮಿಷಕ್ಕಿಂತ ಹೆಚ್ಚು ನಿಲ್ಲಲಾರರು, ನಡೆಯುವುದು ಕಷ್ಟ, ಒಮ್ಮೊಮ್ಮೆ ಊರುಗೋಲೋ ಮಂಡಿಪಟ್ಟಿಯೋ ಬೇಕು, ಕೆಲಸಕ್ಕೆ ರಜೆಗಳು ಹೆಚ್ಚಾಗಿವೆ. ಸೇನೆಗೆ ಸೇರುವ ಮುಂಚೆ ಆಕೆಗೆ ಮಂಡಿನೋವಿರಲಿಲ್ಲ. ಸೇವೆಯಲ್ಲಿದ್ದಾಗಲೇ ಅದಕ್ಕೆ ಚಿಕಿತ್ಸೆ ಪಡೆದ ದಾಖಲೆಯಿದೆ. ಸೇವೆಯಿಂದಲೇ ಬಂದಿರುವ ಸಂಭವ ಕಡಿಮೆಯೆಂದರೂ ಅರ್ಧಕ್ಕರ್ಧ ಇದೆ ಎಂದು ಪರೀಕ್ಷಕರೇ ಒಪ್ಪಿದರು. ಆದರೆ ರೋಗದ ಹೆಸರು ಕೇಳಿದಾಗ ಅವರಿಗೆ ಬರೆಯಲು ಸಿಕ್ಕಿದ್ದು, ಎರಡೂ ಮಂಡಿಗಳಲ್ಲಿ ಆಕೆ ಅನುಭವಿಸುವ ನೋವು, ಎಂದಷ್ಟೇ.

ಅಲ್ಲಿಗೆ ಆಕೆಯ ಪರಿಹಾರದ ಅರ್ಜಿ ಬಿತ್ತು. ನೋವು ಇರಬಹುದು, ನೋವಿನ ಹಿಂದೆ ರೋಗ ಕಾಣುತ್ತಿಲ್ಲ, ರೋಗವಿಲ್ಲವೆಂದ ಮೇಲೆ ವೈಕಲ್ಯವೂ ಇಲ್ಲ ಎಂದಿತು ಮೇಲ್ಮನವಿ ಮಂಡಳಿ. ಈ ತರ್ಕವನ್ನು ಮುರಿಯಲು ಆಕೆ ಇನ್ನೂ ಎರಡು ನ್ಯಾಯಾಲಯಗಳ ಮೆಟ್ಟಿಲು ಹತ್ತಬೇಕಾಯಿತು.

ಕಥೆ ಮುಂದುವರಿಯುವ ಮೊದಲು ಅಲ್ಲಿನ ಏರ್ಪಾಡು ಸ್ವಲ್ಪ ತಿಳಿದಿರಲಿ. ಸೇನೆ ಬಿಟ್ಟವರ ಯೋಗಕ್ಷೇಮಕ್ಕೆಂದೇ ಅಮೆರಿಕದಲ್ಲಿ ವೆಟರನ್ಸ್ ಅಫೇರ್ಸ್ ಎಂಬ ದೊಡ್ಡ ಇಲಾಖೆ ಇದೆ. ಎಲ್ಲರ ಬಾಯಲ್ಲೂ ಅದು ವಿ.ಎ. ಆಸ್ಪತ್ರೆಗಳನ್ನು ನಡೆಸುವುದು ಅದರ ಒಂದು ವಿಭಾಗ, ಪರಿಹಾರ ಧನ ಕೊಡುವುದು ಇನ್ನೊಂದು. ಸೇವೆಯಲ್ಲಿದ್ದಾಗ ಆದ ಗಾಯಕ್ಕೋ ಕಾಯಿಲೆಗೋ ಈ ಎರಡನೆಯ ವಿಭಾಗ ಸೊನ್ನೆಯಿಂದ ನೂರರವರೆಗೆ, ಹತ್ತು ಹತ್ತರ ಮೆಟ್ಟಿಲಿನಲ್ಲಿ, ಶೇಕಡಾವಾರು ಲೆಕ್ಕ ಕಟ್ಟುತ್ತದೆ. ಅದಕ್ಕೆ ರೇಟಿಂಗ್ ಎನ್ನುತ್ತಾರೆ. 2025ರ ದರದಲ್ಲಿ, ಅವಲಂಬಿತರಿಲ್ಲದ ಒಬ್ಬರಿಗೆ ಶೇ. 10ಕ್ಕೆ ತಿಂಗಳಿಗೆ ಸುಮಾರು 175 ಡಾಲರ್, ಶೇ. 40ಕ್ಕೆ 774, ಶೇ. 100ಕ್ಕೆ 3,831. ತೆರಿಗೆ ಇಲ್ಲ. ಸಿಗುವ ಮೊತ್ತ ರೇಟಿಂಗಿನ ಜೊತೆ ಒಂದೇ ಸಮನೆ ಏರುವುದಿಲ್ಲ, ಮೇಲೆ ಹೋದಷ್ಟೂ ಜಿಗಿಯುತ್ತದೆ. ಹಾಗಾಗಿ ಒಂದು ಮೆಟ್ಟಿಲಿನ ಜಗಳ ಹಲವರ ಪಾಲಿಗೆ ಮನೆ ಬಾಡಿಗೆಯ ಜಗಳ.

ಲೆಕ್ಕ ಕಟ್ಟುವುದಕ್ಕೊಂದು ಕೋಷ್ಟಕವಿದೆ. ಅದರ ಬುನಾದಿ 1945ರದು. ಆಮೇಲೆ ತಿದ್ದುಪಡಿಗಳಾಗಿವೆ, ಮೂಲಸೂತ್ರ ಬದಲಾಗಿಲ್ಲ: ಈ ಗಾಯದಿಂದ ಸರಾಸರಿ ಮನುಷ್ಯನ ಗಳಿಕೆಯ ಶಕ್ತಿ ಎಷ್ಟು ಕುಂದುತ್ತದೆ? ಕಳೆದುಕೊಂಡ ಅಂಗಕ್ಕೆ ಇದು ಸುಲಭ. ಮಂಡಿಯ ಕೆಳಗೆ ಕಾಲು ಕತ್ತರಿಸಿ, ಕೃತಕ ಕಾಲು ಹಾಕಿಕೊಳ್ಳಲು ಸಾಧ್ಯವಾದರೆ ಶೇ. 40. ಅಲ್ಲಿ ಕೋಷ್ಟಕಕ್ಕೂ ಕಣ್ಣಿಗೂ ತಕರಾರಿಲ್ಲ. ಬೆನ್ನುನೋವು, ಮಂಡಿನೋವು, ಮೈಯೆಲ್ಲಾ ನೋಯುವ ಫೈಬ್ರೊಮಯಾಲ್ಜಿಯಾ, ತಿಂಗಳಿಗೆ ನಾಲ್ಕು ದಿನ ಕತ್ತಲೆ ಕೋಣೆಗೆ ತಳ್ಳುವ ಮೈಗ್ರೇನ್ ಬಂದಾಗ ಮಾತ್ರ ಕೋಷ್ಟಕ ತಡವರಿಸುತ್ತದೆ. ಎಕ್ಸ್‌ರೇ ತೆಗೆದರೆ ನೋವು ಬೀಳುವುದಿಲ್ಲ. ರಕ್ತ ಪರೀಕ್ಷೆಯಲ್ಲೂ ಸಿಗುವುದಿಲ್ಲ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತಾರಾಷ್ಟ್ರೀಯ ಸಂಘ 1979ರಲ್ಲೇ ಕೊಟ್ಟ ವ್ಯಾಖ್ಯೆ ನೋವನ್ನು ಅನುಭವವೆಂದೇ ಕರೆಯಿತು. ಅಂಗಾಂಶಕ್ಕೆ ನಿಜವಾಗಿ ಪೆಟ್ಟಾಗಿರಲೇಬೇಕೆಂಬ ಷರತ್ತು ಹಾಕಲಿಲ್ಲ.

ಈಗ 1999ಕ್ಕೆ ಹೋಗೋಣ. ಆ ವರ್ಷ ವಿ.ಎ. ತನ್ನ ಆಸ್ಪತ್ರೆಗಳಲ್ಲೆಲ್ಲಾ ಒಂದು ಹೊಸ ಪದ್ಧತಿ ತಂದಿತು. ಜ್ವರ, ನಾಡಿ, ಉಸಿರು, ರಕ್ತದೊತ್ತಡ ಈ ನಾಲ್ಕನ್ನು ನೋಡುವ ಹಾಗೆ ಪ್ರತಿ ರೋಗಿಯ ನೋವನ್ನೂ ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಕೇಳಿ ಬರೆಯಬೇಕು; ನೋವು ಜೀವದ ಐದನೆಯ ಲಕ್ಷಣ. ಅದೇ ವರ್ಷ ಡಿಸೆಂಬರಿನಲ್ಲಿ, ಮಾಜಿ ಸೈನಿಕರ ದಾವೆಗಳಿಗೆಂದೇ ಇರುವ ನ್ಯಾಯಾಲಯ ಸಾಂಚೆಜ್-ಬೆನಿಟೆಜ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು: ಗುರುತಿಸಬಹುದಾದ ರೋಗವಿಲ್ಲದ ಬರಿಯ ನೋವು ವೈಕಲ್ಯವಲ್ಲ. ಇಲಾಖೆಯ ಆಸ್ಪತ್ರೆಯಲ್ಲಿ ನರ್ಸ್ ಕೇಳಿ ಬರೆದುಕೊಂಡ ‘ಹತ್ತಕ್ಕೆ ಎಂಟು’, ಅದೇ ಇಲಾಖೆಯ ಪರಿಹಾರ ವಿಭಾಗದ ಮೇಜಿಗೆ ಬಂದಾಗ ಬೆಲೆಯಿಲ್ಲದ್ದಾಗುತ್ತಿತ್ತು. ಹೀಗೆ ಹದಿನೆಂಟು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

2018ರ ಏಪ್ರಿಲ್ 3ರಂದು ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಸಾಂಡರ್ಸ್ ಪರವಾಗಿ ತೀರ್ಪಿತ್ತಿತು. ಪರಿಹಾರದ ಕಾನೂನಿನಲ್ಲಿ ವೈಕಲ್ಯ ಎಂದರೆ ಕೆಲಸ ಮಾಡುವ, ಗಳಿಸುವ ಶಕ್ತಿ ಕುಂದುವುದು. ಅದರ ಹಿಂದಿನ ಕಾರಣಕ್ಕೆ ವೈದ್ಯಶಾಸ್ತ್ರದ ಹೆಸರು ಇರಲೇಬೇಕೆಂದು ಶಾಸನದಲ್ಲಿ ಎಲ್ಲೂ ಬರೆದಿಲ್ಲ. ನೋವೊಂದೇ ಆ ಶಕ್ತಿಯನ್ನು ಕುಂದಿಸಬಲ್ಲದು. ಹಾಗೆ ಕುಂದಿಸಿದರೆ ಆ ನೋವೇ ವೈಕಲ್ಯ. ಹಳೆಯ ತೀರ್ಪಿನ ಆಧಾರ ಅಲ್ಲಿಗೆ ಕುಸಿಯಿತು.

ಆ ತೀರ್ಪಿನಲ್ಲೇ ಇನ್ನೊಂದು ಮಾತೂ ಇದೆ. ಎಷ್ಟೋ ಅರ್ಜಿದಾರರು ಓದದೆ ಬಿಡುವುದು ಅದನ್ನೇ. ನೋವಿದೆ ಎಂದು ಹೇಳಿಬಿಟ್ಟರೆ ಸಾಲದು. ಆ ನೋವಿನಿಂದ ಏನು ಮಾಡಲು ಆಗುತ್ತಿಲ್ಲ ಎಂಬುದನ್ನು ತೋರಿಸಬೇಕು. ನ್ಯಾಯಾಲಯ ಸಾಂಡರ್ಸ್‌ಗೆ ದುಡ್ಡು ಮಂಜೂರು ಮಾಡಲಿಲ್ಲ. ಆಕೆಯ ನೋವು ಈ ಮಟ್ಟ ಮುಟ್ಟುತ್ತದೆಯೇ ಎಂದು ನೋಡಲು ಪ್ರಕರಣವನ್ನು ಕೆಳಕ್ಕೆ ಕಳಿಸಿತು. ರೇಟಿಂಗ್ ಮೇಲ್ಮನವಿಗಳು ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಈ ವ್ಯತ್ಯಾಸದ ಮೇಲೆಯೇ. ‘ಬೆನ್ನು ವಿಪರೀತ ನೋಯುತ್ತದೆ’ ಎಂಬ ವಾಕ್ಯ ಕಡತದಲ್ಲಿ ಎಷ್ಟು ಸಲ ಬಂದರೂ ತೂಕ ಕಡಿಮೆ. ‘ಬಗ್ಗಿ ಬೂಟಿನ ಲೇಸು ಕಟ್ಟಲಾರೆ, ಹೆಂಡತಿ ಕಟ್ಟುತ್ತಾಳೆ, ಅರ್ಧ ಗಂಟೆ ಕಾರು ಓಡಿಸಿದರೆ ಇಳಿದು ನಿಲ್ಲಬೇಕು, ಗೋದಾಮಿನ ಕೆಲಸ ಬಿಟ್ಟೆ’ ಎಂಬ ಮೂರು ಸಾಲಿಗೆ ತೂಕ ಹೆಚ್ಚು.

ಬೆನ್ನಿನ ಉದಾಹರಣೆಯನ್ನೇ ಹತ್ತಿರದಿಂದ ನೋಡಬಹುದು, ಏಕೆಂದರೆ ಸೈನಿಕರ ದೂರುಗಳಲ್ಲಿ ಅದು ಎಂದೂ ತಪ್ಪುವುದಿಲ್ಲ. ಹೊರೆ ಹೊತ್ತು ನಡೆದವರು, ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಹಾರಿದವರು, ಹಳ್ಳ ತಿಟ್ಟಿನಲ್ಲಿ ಟ್ರಕ್ ಓಡಿಸಿದವರು, ಎಲ್ಲರ ಸೊಂಟವೂ ಒಂದು ದಿನ ಲೆಕ್ಕ ಕೇಳುತ್ತದೆ. ಕೋಷ್ಟಕ ಈ ನೋವನ್ನು ಡಿಗ್ರಿಗೆ ಇಳಿಸುತ್ತದೆ. ಪರೀಕ್ಷಕರು ಗೋನಿಯೋಮೀಟರ್ ಎಂಬ, ಎರಡು ತೋಳಿನ ಕೋನಮಾಪಕವನ್ನು ಹಿಡಿದು, ಮುಂದಕ್ಕೆ ಬಗ್ಗಿ ಎನ್ನುತ್ತಾರೆ. ಪೂರ್ತಿ ಬಗ್ಗಿದರೆ 90 ಡಿಗ್ರಿ. 60 ದಾಟಿ 85ರೊಳಗೆ ನಿಂತರೆ ಶೇ. 10. 30 ದಾಟಿ 60ರೊಳಗಾದರೆ ಶೇ. 20. ಮೂವತ್ತಕ್ಕೇ ಅಥವಾ ಅದಕ್ಕಿಂತ ಕಡಿಮೆಗೆ ನಿಂತುಬಿಟ್ಟರೆ ಶೇ. 40, ಅಂದರೆ ಮಂಡಿಯ ಕೆಳಗೆ ಕಾಲು ಕಳೆದುಕೊಂಡವರಷ್ಟೇ. ನೋವಿರಲಿ ಇಲ್ಲದಿರಲಿ ಈ ಡಿಗ್ರಿಯೇ ಅಳತೆ ಎಂದು ಕೋಷ್ಟಕ ಬಾಯಿಬಿಟ್ಟು ಹೇಳುತ್ತದೆ.

ಊಹೆಗೆ ಒಬ್ಬರನ್ನು ತೆಗೆದುಕೊಳ್ಳಿ. ಅವರ ಪರೀಕ್ಷೆ ಬೆಳಿಗ್ಗೆ ಹತ್ತಕ್ಕೆ. ರಾತ್ರಿ ಮಾತ್ರೆ ತೆಗೆದುಕೊಂಡು, ಬಿಸಿನೀರಿನ ಸ್ನಾನ ಮಾಡಿ ಬಂದಿದ್ದಾರೆ. 70 ಡಿಗ್ರಿ ಬಗ್ಗುತ್ತಾರೆ. ರೇಟಿಂಗ್ ಹತ್ತು, ತಿಂಗಳಿಗೆ 175 ಡಾಲರ್. ಆದರೆ ತಿಂಗಳಲ್ಲಿ ಹಲವು ಸಲ ಸೊಂಟ ಹಿಡಿದುಕೊಂಡು, ಹಾಸಿಗೆಯಿಂದ ಏಳುವಾಗ ಮಂಚದ ಕಾಲು ಹಿಡಿಯಬೇಕಾಗುತ್ತದೆ. ಆ ದಿನ ಅಳೆದಿದ್ದರೆ 30 ಡಿಗ್ರಿಯೂ ಸಿಗುತ್ತಿರಲಿಲ್ಲ. ಯಾವ ದಿನದ ಬೆನ್ನಿಗೆ ರೇಟಿಂಗ್?

ಕಾನೂನು ಈ ಪ್ರಶ್ನೆಗೆ ಮಾಜಿ ಸೈನಿಕರ ಪರವಾಗಿಯೇ ಉತ್ತರಿಸಿದೆ. ಆ ಉತ್ತರವನ್ನು ಪರೀಕ್ಷಾ ಕೋಣೆಗೆ ತಲುಪಿಸುವುದೇ ದೊಡ್ಡ ಕೆಲಸ. ಬಳಸಿದಾಗ ನೋಯುವ ಅಂಗವನ್ನು ಗಂಭೀರವಾಗಿ ವಿಕಲವಾದದ್ದೆಂದೇ ಎಣಿಸಬೇಕು ಎಂದು ನಿಯಮಾವಳಿಯ 4.40ನೆಯ ಕಲಮು ಹೇಳುತ್ತದೆ. ಕೀಲನ್ನು ಒತ್ತಿದಾಗ, ಅಲುಗಿಸಿದಾಗ ಮುಖ ಹೇಗೆ ಕಿವಿಚಿತು ಎಂಬುದನ್ನೂ ಗಮನವಿಟ್ಟು ಬರೆಯಿರಿ ಎನ್ನುತ್ತದೆ 4.59ನೆಯದು. ಸರ್ಕಾರಿ ನಿಯಮವೊಂದು ಮುಖದ ಕಿವಿಚನ್ನು ಸಾಕ್ಷ್ಯವೆಂದು ಎಣಿಸುವುದು ಅಪರೂಪ, ಅದಕ್ಕಾಗಿ ಬರೆದವರನ್ನು ಮೆಚ್ಚಬೇಕು. 1995ರ ಡೆಲೂಕಾ ತೀರ್ಪು ಇದಕ್ಕೆ ಹಲ್ಲು ಕೊಟ್ಟಿತು: ನೋವು ಕೆರಳಿದ ದಿನಗಳಲ್ಲಿ ಇನ್ನೆಷ್ಟು ಡಿಗ್ರಿ ಕಡಿಮೆಯಾಗುತ್ತದೆ ಎಂಬುದನ್ನು ಪರೀಕ್ಷಕರು ಸಾಧ್ಯವಾದಷ್ಟು ಅಂದಾಜು ಮಾಡಬೇಕು. ಅಂಥ ದಿನದಲ್ಲಿ ನಾನು ರೋಗಿಯನ್ನು ನೋಡಿಲ್ಲ, ಹಾಗಾಗಿ ಹೇಳಲಾರೆ ಎಂದು ಬರೆದು ಕೈತೊಳೆದುಕೊಳ್ಳುವ ರೂಢಿ ಆಮೇಲೂ ಉಳಿಯಿತು. 2017ರ ಶಾರ್ಪ್ ತೀರ್ಪು ಅದನ್ನೂ ತಡೆಯಿತು. ನೋಡದಿದ್ದರೆ ಕೇಳಿ ತಿಳಿಯಿರಿ: ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಆಗ ಏನು ಮಾಡಲಾಗುವುದಿಲ್ಲ? ಇಷ್ಟನ್ನು ಕೇಳದ ವರದಿ ಅಪೂರ್ಣ. ಅಪೂರ್ಣ ವರದಿಯ ಮೇಲೆ ಕಟ್ಟಿದ ರೇಟಿಂಗನ್ನು ಮೇಲ್ಮನವಿಯಲ್ಲಿ ಪ್ರಶ್ನಿಸಬಹುದು.

ಇಲ್ಲಿ ಸೈನಿಕರ ಸ್ವಭಾವವೇ ಅವರಿಗೆ ಎದುರಾಳಿ. ನೋವು ನುಂಗಿಕೊಳ್ಳುವುದನ್ನು ಅವರಿಗೆ ಹದಿನೆಂಟನೆಯ ವಯಸ್ಸಿನಿಂದ ಕಲಿಸಲಾಗಿದೆ. ಸೇವೆಯಲ್ಲಿದ್ದಾಗ ಆಸ್ಪತ್ರೆಗೆ ಹೋದವನು ಸೋಮಾರಿ ಎನ್ನಿಸಿಕೊಳ್ಳುತ್ತಾನೆಂಬ ಅಂಜಿಕೆಯಿಂದ ಎಷ್ಟೋ ಜನ ಮಂಡಿ ಊದಿದ್ದನ್ನು ಹೇಳಿಕೊಂಡೇ ಇರುವುದಿಲ್ಲ. ಹಾಗಾಗಿ ದಾಖಲೆಯೇ ಇಲ್ಲ. ಮೂವತ್ತು ವರ್ಷದ ಮೇಲೆ ಪರೀಕ್ಷಕರು ‘ಹೇಗಿದ್ದೀರಿ?’ ಎಂದರೆ ಅಭ್ಯಾಸಬಲದಿಂದ ‘ಚೆನ್ನಾಗಿದ್ದೇನೆ’ ಎಂಬ ಉತ್ತರ ಬಾಯಿಗೆ ಬರುತ್ತದೆ, ಅದೂ ವರದಿಗೆ ಸೇರುತ್ತದೆ. ಆ ಕಾಲದ ವೈದ್ಯಕೀಯ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಸೈನಿಕರ ಮತ್ತು ಕಂಡವರ ಹೇಳಿಕೆಯನ್ನು ತಳ್ಳಿಹಾಕುವಂತಿಲ್ಲ ಎಂದು ಫೆಡರಲ್ ಸರ್ಕ್ಯೂಟ್ 2006ರ ಬುಕ್ಯಾನನ್ ತೀರ್ಪಿನಲ್ಲಿ ಹೇಳಿದ ಮೇಲೆ, ಹೆಂಡತಿಯ ಪತ್ರ, ಜೊತೆಯಲ್ಲಿ ದುಡಿದವನ ಪತ್ರ, ಕಚೇರಿಯ ರಜೆ ಪುಸ್ತಕ, ನೋವಿನ ದಿನಚರಿ ಎಲ್ಲಕ್ಕೂ ಜಾಗ ಬಂತು. ದಿನಚರಿಯನ್ನು ಮೇಲ್ಮನವಿಗೆಂದು ಒಂದೇ ರಾತ್ರಿಯಲ್ಲಿ ಬರೆದರೆ ಅದು ಒಂದೇ ರಾತ್ರಿಯದೆಂದು ಓದಿದವರಿಗೆ ಗೊತ್ತಾಗಿಬಿಡುತ್ತದೆ. ಚುಟುಕಾಗಿ, ಆಯಾ ದಿನವೇ, ಕ್ಯಾಲೆಂಡರಿನ ಮೂಲೆಯಲ್ಲಿ ಬರೆದದ್ದೇ ವಾಸಿ.

ಡಿಗ್ರಿಗೆ ಸಿಗದ ನೋವುಗಳಿಗೆ ಕೋಷ್ಟಕ ಬೇರೆ ಅಳತೆ ಇಟ್ಟುಕೊಂಡಿದೆ. ಫೈಬ್ರೊಮಯಾಲ್ಜಿಯಾಕ್ಕೆ ಮೂರೇ ಮೆಟ್ಟಿಲು. ಸದಾ ಔಷಧ ಬೇಕಾದರೆ 10. ಬಂದು ಹೋಗುತ್ತಾ ಒಟ್ಟು ಕಾಲದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕಾಡಿದರೆ 20. ಹೆಚ್ಚುಕಡಿಮೆ ಸದಾ ಇದ್ದು ಚಿಕಿತ್ಸೆಗೆ ಬಗ್ಗದಿದ್ದರೆ 40. ಅಲ್ಲಿಂದ ಮೇಲೆ ಈ ಕಾಯಿಲೆಯೊಂದಕ್ಕೇ ಮೆಟ್ಟಿಲಿಲ್ಲ. ಮೈಗ್ರೇನಿಗೆ ಎಣಿಕೆ ದಾಳಿಗಳ ಮೇಲೆ: ಮನುಷ್ಯನನ್ನು ಪೂರ್ತಿ ಮಲಗಿಸಿಬಿಡುವ ದಾಳಿ ಸರಾಸರಿ ತಿಂಗಳಿಗೊಮ್ಮೆ ಬಂದರೆ 30, ಅದು ಅತಿ ಪದೇ ಪದೇ ಬಂದು, ದೀರ್ಘವಾಗಿ ಉಳಿದು, ದುಡಿಮೆಯನ್ನೇ ಕೆಡಿಸಿದರೆ 50. ವೈದ್ಯರ ಚೀಟಿಯಲ್ಲಿ ‘ಮೈಗ್ರೇನ್ ಇದೆ, ಮಾತ್ರೆ ಕೊಟ್ಟಿದೆ’ ಎಂದಷ್ಟೇ ಇದ್ದರೆ ಸೊನ್ನೆಗೂ ಐವತ್ತಕ್ಕೂ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. 1990-91ರ ಕೊಲ್ಲಿ ಯುದ್ಧಕ್ಕೆ ಹೋದವರಿಗೆ ಒಂದು ಅನುಕೂಲವಿದೆ. ಹಲವರು ವಿವರಿಸಲಾಗದ ಮೈನೋವು, ಆಯಾಸಗಳೊಂದಿಗೆ ಮರಳಿದ್ದರಿಂದ, 2001ರಲ್ಲಿ ಅಮೆರಿಕದ ಸಂಸತ್ತು ಫೈಬ್ರೊಮಯಾಲ್ಜಿಯಾವನ್ನು ಅವರ ಮಟ್ಟಿಗೆ ಸೇವೆಯಿಂದ ಬಂದದ್ದೆಂದೇ ಭಾವಿಸುವ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅವರು ಕಾರಣ ಸಾಬೀತು ಮಾಡುವ ಹೊರೆ ಹೊರಬೇಕಿಲ್ಲ.

ಒಂದಕ್ಕಿಂತ ಹೆಚ್ಚು ನೋವಿದ್ದವರಿಗೆ ವಿ.ಎ. ಗಣಿತ ತಲೆನೋವನ್ನೂ ಸೇರಿಸುತ್ತದೆ. ಅಲ್ಲಿ 50ಕ್ಕೆ 30 ಕೂಡಿದರೆ 80 ಅಲ್ಲ, 65. ಮೊದಲ ಐವತ್ತು ಹೋದ ಮೇಲೆ ಮನುಷ್ಯನಲ್ಲಿ ಉಳಿದದ್ದು ಐವತ್ತೇ, ಅದರ ಶೇ. 30 ಅಂದರೆ 15. ಆ 65ನ್ನು ಹತ್ತಿರದ ಹತ್ತಕ್ಕೆ ಏರಿಸಿ 70 ಎನ್ನುತ್ತಾರೆ. 40ಕ್ಕೆ 20 ಸೇರಿದರೆ 52, ಕೆಳಗಿಳಿದು 50. ಯಾವ ಒಂದು ರೇಟಿಂಗನ್ನು ಹತ್ತು ಏರಿಸಿದರೆ ಒಟ್ಟು ಮೊತ್ತ ನಿಜವಾಗಿ ಅಲುಗುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕದೆ ಮೇಲ್ಮನವಿಗೆ ಹೋದವರು, ಗೆದ್ದೂ ಹಳೆಯ ಚೆಕ್ಕನ್ನೇ ಪಡೆಯುವುದುಂಟು. ಗಮನಿಸಬೇಕಾದ ಇನ್ನೊಂದು: ನೋವಿನಿಂದ ಸ್ಥಿರವಾದ ಉದ್ಯೋಗವನ್ನೇ ಹಿಡಿಯಲಾಗದಿದ್ದರೆ, ಒಂದೇ ವೈಕಲ್ಯಕ್ಕೆ 60 ಅಥವಾ ಕನಿಷ್ಠ ಒಂದಕ್ಕೆ 40 ಇದ್ದು ಒಟ್ಟು 70 ಇದ್ದವರು, ನೂರರ ದರದಲ್ಲಿ ಪರಿಹಾರ ಕೇಳಬಹುದು.

ಮೇಲ್ಮನವಿಯ ದಾರಿ 2019ರ ಫೆಬ್ರುವರಿ 19ರಿಂದ ಬದಲಾಗಿದೆ. ಮುಂಚೆ ಎಲ್ಲರೂ ಒಂದೇ ಉದ್ದ ಸಾಲಿನಲ್ಲಿ ನಿಂತು ವರ್ಷಗಟ್ಟಲೆ ಕಾಯುತ್ತಿದ್ದರು. ಈಗ ಮೂರು ಸಾಲುಗಳಿವೆ. ಯಾವುದರಲ್ಲಿ ನಿಲ್ಲಬೇಕೆಂಬುದನ್ನು ಆರಿಸುವವರು ಅರ್ಜಿದಾರರೇ. ಹೊಸ ದಾಖಲೆ ಇದ್ದವರು, ಉದಾಹರಣೆಗೆ ನೋವಿನ ತಜ್ಞರ ಪತ್ರವೋ ಹೆಂಡತಿಯ ಹೇಳಿಕೆಯೋ ಸಿಕ್ಕವರು, ಪೂರಕ ಅರ್ಜಿ ಹಾಕುತ್ತಾರೆ. ದಾಖಲೆಗಳೆಲ್ಲಾ ಅಲ್ಲೇ ಇವೆ, ಓದಿದವರು ತಪ್ಪಾಗಿ ಓದಿದ್ದಾರೆ ಎನ್ನುವವರು ಹಿರಿಯ ಅಧಿಕಾರಿಯ ಮರುಪರಿಶೀಲನೆ ಕೇಳುತ್ತಾರೆ. ಅಲ್ಲಿ ಹೊಸ ಕಾಗದ ಒಂದನ್ನೂ ಒಪ್ಪುವುದಿಲ್ಲ, ಆದರೆ ಫೋನಿನಲ್ಲಿ ಒಮ್ಮೆ ಮಾತಾಡಿ ತಪ್ಪು ಎಲ್ಲಿದೆಯೆಂದು ತೋರಿಸಬಹುದು. ‘ಪರೀಕ್ಷಕರು ನೋವು ಕೆರಳುವ ದಿನಗಳ ಬಗ್ಗೆ ಕೇಳಲೇ ಇಲ್ಲ’ ಎಂಬಂಥ ತಕರಾರಿಗೆ ಇದು ಹೇಳಿಮಾಡಿಸಿದ ಸಾಲು. ಮೂರನೆಯದು ವಾಷಿಂಗ್ಟನ್ನಿನ ಮೇಲ್ಮನವಿ ಮಂಡಳಿ, ಅಲ್ಲಿ ನ್ಯಾಯಾಧೀಶರ ಎದುರು, ಬೇಕಾದರೆ ವಿಡಿಯೊ ಮೂಲಕವೇ, ಹೇಳಿಕೊಳ್ಳಬಹುದು, ನಿಧಾನ ಹೆಚ್ಚು. ಪ್ರತಿ ತೀರ್ಮಾನಕ್ಕೂ ಒಂದು ವರ್ಷದ ಗಡುವು. ಆ ವರ್ಷದೊಳಗೆ ಮುಂದಿನ ಹೆಜ್ಜೆ ಇಡುತ್ತಾ ಹೋದರೆ, ಯಾವತ್ತು ಗೆದ್ದರೂ ಬಾಕಿ ಸಾಮಾನ್ಯವಾಗಿ ಮೊದಲ ಅರ್ಜಿಯ ದಿನದಿಂದಲೇ ಸಿಗುತ್ತದೆ. ಗಡುವು ಒಂದು ದಿನ ತಪ್ಪಿದರೆ ಆ ಸರಪಳಿ ಕಡಿಯುತ್ತದೆ. ಇನ್ನೊಂದು ಎಚ್ಚರಿಕೆ: ಕಡತವನ್ನು ಮತ್ತೆ ತೆರೆದಾಗ ಇಲಾಖೆಯ ಕಣ್ಣು ಎರಡೂ ಕಡೆ ಹೋಗುತ್ತದೆ. ಅಪರೂಪಕ್ಕಾದರೂ ರೇಟಿಂಗ್ ಇಳಿಯುವುದಿದೆ.

ಇವನ್ನೆಲ್ಲ ಒಬ್ಬರೇ ನಿಭಾಯಿಸಬೇಕಿಲ್ಲ. 1919ರ ಅಮೆರಿಕನ್ ಲೀಜನ್, 1920ರ ಡಿಸೇಬಲ್ಡ್ ಅಮೆರಿಕನ್ ವೆಟರನ್ಸ್‌ನಂಥ ಸಂಘಗಳ ಪ್ರತಿನಿಧಿಗಳು ದುಡ್ಡು ತೆಗೆದುಕೊಳ್ಳದೆ ಅರ್ಜಿ ಬರೆದುಕೊಡುತ್ತಾರೆ. ಮೊದಲ ಅರ್ಜಿಗೆ ಯಾರೂ ಶುಲ್ಕ ವಸೂಲಿ ಮಾಡುವಂತಿಲ್ಲವೆಂದು ಕಾನೂನೇ ಇದೆ. ಹಾಗಿದ್ದೂ ನೂರು ಪರ್ಸೆಂಟ್ ಕೊಡಿಸುತ್ತೇವೆಂದು ಜಾಹೀರಾತು ಹಾಕಿ, ಬರುವ ಹಣದಲ್ಲಿ ಪಾಲು ಕೇಳುವವರಿಗೇನೂ ಬರವಿಲ್ಲ. ವಕೀಲರು ಬರುವುದು ಮೊದಲ ತೀರ್ಮಾನ ಆದ ಮೇಲೆ.

ವಕೀಲರು ಬರುವಂತಾದದ್ದೇ ಈಚೆಗೆ. ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಸೈನಿಕರನ್ನು ಸುಲಿಯುವ ವಕೀಲರಿಗೆ ಕಡಿವಾಣವೆಂದು ಶುಲ್ಕಕ್ಕೆ 10 ಡಾಲರಿನ ಮಿತಿ ಹಾಕಿದರು. ಆ ಹತ್ತು ಡಾಲರ್ ನೂರಿಪ್ಪತ್ತು ವರ್ಷ ಹತ್ತೇ ಆಗಿ ಉಳಿಯಿತು. 1985ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಹತ್ತು ಡಾಲರಿಗೆ ಯಾವ ವಕೀಲ ಬರುತ್ತಾನೆ? ಬಂದರೂ ಹೋಗಲು ನ್ಯಾಯಾಲಯವಿರಲಿಲ್ಲ, ಇಲಾಖೆ ಹೇಳಿದ್ದೇ ಕೊನೆಯ ಮಾತು. 1988ರ ಶಾಸನ ಈ ಬಾಗಿಲು ತೆರೆದು ಮಾಜಿ ಸೈನಿಕರ ನ್ಯಾಯಾಲಯವನ್ನು ಹುಟ್ಟುಹಾಕಿತು. ಮಂಡಳಿಯ ತೀರ್ಪಿನಿಂದ 120 ದಿನದೊಳಗೆ ಅಲ್ಲಿಗೆ ಹೋಗಬೇಕು. ಕೊರಿಯಾ ಯುದ್ಧದ ಕಾಲದ ಹೆಂಡರ್ಸನ್ ಎಂಬ ಯೋಧ ಸ್ಕಿಜೋಫ್ರೇನಿಯಾದಿಂದ ನರಳುತ್ತಾ 15 ದಿನ ತಡವಾಗಿ ಹೋದಾಗ ಬಾಗಿಲು ಮುಚ್ಚಲಾಯಿತು. ಯಾವ ಕಾಯಿಲೆಗೆ ಪರಿಹಾರ ಕೇಳಿದ್ದರೋ ಆ ಕಾಯಿಲೆಯೇ ತಡಕ್ಕೆ ಕಾರಣವೆಂಬ ವಾದವಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್, ಈ ಗಡುವು ಅಷ್ಟು ಕಟ್ಟುನಿಟ್ಟಿನದಲ್ಲ ಎಂದು ಮುಚ್ಚಿದ ಬಾಗಿಲನ್ನು ತೆಗೆಸಿತು.

ಈ ಎಲ್ಲಾ ಹಂತಗಳಲ್ಲೂ ಸೈನಿಕರ ಕೈಯಲ್ಲಿರುವ ದೊಡ್ಡ ಆಯುಧ ಸಂದೇಹದ ಲಾಭ. ಪರ ವಿರೋಧದ ಸಾಕ್ಷ್ಯ ತೂಕದಲ್ಲಿ ಸಮವಾದರೆ ತೀರ್ಪು ಸೈನಿಕರ ಪರ. ಅಂದರೆ ಶೇ. 51ರಷ್ಟು ಸಾಬೀತು ಮಾಡಬೇಕಿಲ್ಲ, ಐವತ್ತು ಸಾಕು. ಹೊಸ ನ್ಯಾಯಾಲಯ ತನ್ನ ಆರಂಭದ ದಿನಗಳಲ್ಲೇ, 1990ರ ಗಿಲ್ಬರ್ಟ್ ತೀರ್ಪಿನಲ್ಲಿ, ಇದನ್ನು ಬೀದಿ ಬೇಸ್‌ಬಾಲಿನ ನಿಯಮಕ್ಕೆ ಹೋಲಿಸಿತು: ಚೆಂಡೂ ಓಟಗಾರನೂ ಒಟ್ಟಿಗೆ ತಲುಪಿದರೆ ಓಟಗಾರ ಔಟಲ್ಲ. ನಮ್ಮ ಗಲ್ಲಿ ಕ್ರಿಕೆಟ್ಟಿನಲ್ಲಿ ರನೌಟ್ ಅನುಮಾನವಿದ್ದರೆ ಬ್ಯಾಟಿಂಗ್ ಮಾಡುವವನಿಗೆ ಬಿಡುವ ಹಾಗೆ. ಆದರೆ ಮಂಡಳಿ ತಕ್ಕಡಿಯನ್ನು ಸರಿಯಾಗಿ ಹಿಡಿಯಿತೇ ಎಂದು ಮೇಲಿನ ನ್ಯಾಯಾಲಯ ಮತ್ತೆ ಹೊಸದಾಗಿ ತೂಗಿ ನೋಡಬೇಕಿಲ್ಲ, ಎದ್ದು ಕಾಣುವ ತಪ್ಪಿದ್ದರೆ ಮಾತ್ರ ಕೈಹಾಕಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚಿನ ಬಫ್‌ಕಿನ್ ತೀರ್ಪಿನಲ್ಲಿ ಏಳಕ್ಕೆ ಎರಡರ ಬಹುಮತದಿಂದ ಹೇಳಿದೆ. ಪರಿಣಾಮ ಸ್ಪಷ್ಟ. ಮೇಲೆ ಹೋದ ಮೇಲೆ ನೋಡಿಕೊಂಡರಾಯಿತೆಂದು ಕೆಳಗಿನ ಹಂತದಲ್ಲಿ ಸಾಕ್ಷ್ಯ ಕೊಡದೆ ಬಿಟ್ಟವರಿಗೆ ಇನ್ನು ಮುಂದೆ ಕಷ್ಟ ಹೆಚ್ಚು.

ಕೊಡಗು, ಹಾಸನ, ಬೆಳಗಾವಿಯ ಮಾಜಿ ಸೈನಿಕರ ಮನೆಗಳಲ್ಲಿ ಈ ಮಾತು ಕೇಳುತ್ತಿರುವವರಿಗೆ ಸಂದೇಹದ ಲಾಭ ಅನ್ನುವುದು ಹೊಸದೆನಿಸಲಾರದು. ನಮ್ಮಲ್ಲಿ ವೈಕಲ್ಯ ಪಿಂಚಣಿಗಿದ್ದ 1982ರ ಅರ್ಹತಾ ನಿಯಮಗಳ ಒಂಬತ್ತನೆಯ ನಿಯಮವೂ ಅದನ್ನೇ ಹೇಳುತ್ತಿತ್ತು: ಸಾಬೀತು ಮಾಡುವ ಹೊರೆ ಸೈನಿಕನ ಮೇಲಿಲ್ಲ, ಸಕಾರಣ ಸಂದೇಹದ ಲಾಭ ಅವನಿಗೇ. ಆದರೂ ನಿವೃತ್ತಿಯ ವೇಳೆಯ ವೈದ್ಯಕೀಯ ಮಂಡಳಿಗಳು, ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಒಂದು ಸಾಲು ಗೀಚಿ ಫೈಲು ಮುಚ್ಚುವುದು ರೂಢಿಯಾಗಿತ್ತು. ಧರ್ಮವೀರ ಸಿಂಗ್ ಪ್ರಕರಣದಲ್ಲಿ ಆದದ್ದೂ ಅದೇ. 1985ರಲ್ಲಿ ಸಿಗ್ನಲ್ಸ್ ಕೋರ್ ಸೇರಿ, 1994ರಲ್ಲಿ ಶೇ. 20ರ ವೈಕಲ್ಯದೊಂದಿಗೆ ಹೊರಬಂದವರು ಅವರು. ಕಾಯಿಲೆ ಅವರ ಮೈಗುಣದ್ದು, ಸೇವೆಗೆ ಸಂಬಂಧವಿಲ್ಲ ಎಂದಿತ್ತು ಮಂಡಳಿ. ಸೇರುವಾಗ ದಾಖಲೆಯಲ್ಲಿಲ್ಲದ ಕಾಯಿಲೆಯನ್ನು ಸೇವೆಯಲ್ಲಿ ಬಂದದ್ದೆಂದೇ ಭಾವಿಸಬೇಕು, ಅಲ್ಲವೆನ್ನುವುದಾದರೆ ಮಂಡಳಿ ಕಾರಣ ಬರೆಯಬೇಕು ಎಂದು 2013ರ ಜುಲೈಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷದ ರಾಮ್ ಅವತಾರ್ ತೀರ್ಪಿನಿಂದ, ಅವಧಿ ಮುಗಿಸಿ ನಿವೃತ್ತರಾದವರಿಗೂ ಶೇ. 20ರ ವೈಕಲ್ಯವನ್ನು 50ಕ್ಕೆ ಏರಿಸಿ ಕೊಡುವ ಲಾಭ ಸಿಕ್ಕಿತು. 2023ರ ಸೆಪ್ಟೆಂಬರಿನಿಂದ ನಿಯಮಗಳು ಬದಲಾಗಿವೆ. ಅದಕ್ಕೆ ಮುಂಚೆ ಹೊರಬಂದವರ ಪ್ರಕರಣಗಳು ಹಳೆಯ ನಿಯಮಗಳಡಿ ನಡೆಯುತ್ತವೆ. ಡಿಸ್ಕ್ ಜಾರಿದ ಬೆನ್ನು, ಕುತ್ತಿಗೆಯ ಸ್ಪಾಂಡಿಲೋಸಿಸ್ ಹೊತ್ತ ಎಷ್ಟೋ ಹವಾಲ್ದಾರರು, ಸುಬೇದಾರರು ಮೊದಲ ಮೇಲ್ಮನವಿ, ಎರಡನೆಯ ಮೇಲ್ಮನವಿ ಮುಗಿಸಿ, 2009ರಲ್ಲಿ ಕೆಲಸ ಶುರುಮಾಡಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಬರುತ್ತಾರೆ.

ತಡ ಮಾಡಿದರೆ ಇಲ್ಲೂ ನಷ್ಟವೇ. 1983ರ ನವೆಂಬರಿನಲ್ಲಿ ವೈದ್ಯಕೀಯ ಕಾರಣಕ್ಕೆ ಸೇನೆಯಿಂದ ಹೊರಬಂದ ತಾರ್ಸೇಮ್ ಸಿಂಗ್ ವೈಕಲ್ಯ ಪಿಂಚಣಿ ಕೇಳಿ ಹೈಕೋರ್ಟಿಗೆ ಹೋದದ್ದು 1999ರಲ್ಲಿ. ಪಿಂಚಣಿ ತಿಂಗಳು ತಿಂಗಳೂ ಬಾಕಿಯಾಗುತ್ತಾ ಹೋಗುವಂಥದ್ದು, ಹಾಗಾಗಿ ತಡವಾದರೂ ಕೇಳುವ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಒಪ್ಪಿತು. ಬಾಕಿಯ ಮಾತು ಬಂದಾಗ ಮಾತ್ರ ಅರ್ಜಿಗೆ ಹಿಂದಿನ ಸುಮಾರು ಮೂರು ವರ್ಷದ್ದಷ್ಟೇ ಎಂದಿತು. ಅದಕ್ಕೂ ಹಿಂದಿನ ಹನ್ನೆರಡು-ಹದಿಮೂರು ವರ್ಷಗಳ ಪಿಂಚಣಿ ಅವರ ಕೈಗೆ ಬರಲಿಲ್ಲ.